ಉತ್ತರ: ವರ್ಷವಿಡೀ ಹಾಕಿದ ಕಸೂತಿಯಲ್ಲಿ ಕೈ ಪಳಗಿದೆಯಾ, ನೋಡೋದು ಹೇಗೆ?

ಆರು ತುಂಡು ಮುಗಿಸಿದ್ದೀರಿ, ಎರಡು ಅರ್ಧಕ್ಕೇ ನಿಂತಿವೆ, ಕೈ ಸುಧಾರಿಸಿದೆಯೋ ಇಲ್ಲವೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಎಲ್ಲವನ್ನೂ ತಿಂಗಳ ಪ್ರಕಾರ ಸಾಲಾಗಿ ಹಾಸಿ, ಮಗುಚಿ ಹಾಕಿ. ಕಸೂತಿಯ ಅಸಲಿ ಲೆಕ್ಕ ಇರೋದು ಹಿಂಬದಿಯಲ್ಲಿ.

ಗವಂತಿ (ಗೆರೆಯಂಥ ಹೊಲಿಗೆ), ಮುರ್ಗಿ (ಮೆಟ್ಟಿಲಿನಂಥ ಅಂಕುಡೊಂಕು ಹೊಲಿಗೆ) ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಇರಕೂಡದು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬಿಟ್ಟ ಜಾಗ ವಾಪಸ್ ಬರುವಾಗ ತುಂಬುತ್ತದೆ. ಹಿಂದೆ ಉದ್ದನೆಯ ಅಡ್ಡ ದಾರ ಕಂಡರೆ, ಚಿತ್ರದ ಒಂದು ಕವಲನ್ನು ಮುಗಿಸದೇ ಮುಂದೆ ಹೋಗಿ ಆಮೇಲೆ ಹಾರಿ ಬಂದಿದ್ದೀರಿ ಅಂತಲೇ ಅರ್ಥ. ತೇರಿನ ಚಿತ್ರದ ಮೂಲೆಗಳಲ್ಲಿ ಇದು ಜಾಸ್ತಿ. ಇಂಥ ಹಾರಿಕೆ ಕೊನೆಯ ತುಂಡುಗಳಲ್ಲಿ ಕಡಿಮೆಯಾಗಿದ್ದರೆ ಕೈ ಪಳಗಿದೆ, ಅನುಮಾನ ಬೇಡ. ನೇಗಿ (ನೇಯ್ದಂತೆ ಕಾಣುವ ಹೊಲಿಗೆ), ಮೆಂತೆಗೆ (ಕತ್ತರಿ ಗುರುತಿನ ಹೊಲಿಗೆ) ಈ ಪರೀಕ್ಷೆ ಹಚ್ಚಬೇಡಿ, ಅವುಗಳ ಹಿಂಬದಿ ಬೇರೆಯೇ. ಮೆಂತೆಯಲ್ಲಿ ಮೇಲಿನ ಗೆರೆ ಎಲ್ಲ ಕಡೆ ಒಂದೇ ದಿಕ್ಕಿಗಿದೆಯಾ ನೋಡಿ, ಸಾಕು.

ಗೋಪುರದ ಚಿತ್ರ ಕುಳ್ಳಗೆ ಬಂದಿದ್ದರೆ ತಪ್ಪು ಕೈಯದ್ದಲ್ಲ, ಬಟ್ಟೆಯದ್ದು. ಒಂದು ಇಂಚಿನಲ್ಲಿ ಎಳೆ ಎಣಿಸಿ: ನೆಟ್ಟಗಿನ ಹಾಸು 28, ಅಡ್ಡ ಹೊಕ್ಕು 34 ಇದ್ದರೆ ಚಿತ್ರ ಕುಗ್ಗಿಯೇ ಕುಗ್ಗುತ್ತದೆ. ಮುಂದಿನ ಸಲ ಎರಡೂ ಸಮ ಇರೋ ಬಟ್ಟೆ ತನ್ನಿ.

ದಾರಕ್ಕೆ ಜುಂಗು ಎದ್ದಿದ್ದರೆ ಉದ್ದ ಹೆಚ್ಚಾಗಿದೆ. ಒಂದೂವರೆ ಅಡಿ ಮೀರಬೇಡಿ.

ಎರಡೂ ಬದಿಯ ಫೋಟೋ ತೆಗೆದು, ತಿಂಗಳು, ಎಳೆ ಲೆಕ್ಕ ಬರೆದ ಚೀಟಿ ಇಡಿ. ಒಗೆಯುವ ಮುನ್ನ ಕೆಂಪು ದಾರದ ಹಿಂದೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಹತ್ತಿದರೆ ನೀರಿಗೆ ಹಾಕಲೇಬೇಡಿ.