ಕಾಲೇಜಲ್ಲಿ ಸ್ಪೋರ್ಟ್ಸ್ ಸ್ಟಾರ್ ಆಗಿದ್ದು ಆಮೇಲೆ ಆರ್ಮಿ ಆಫೀಸರ್ ಆದೋರ ಜೀವನ ಹೇಗಿರುತ್ತೆ? ನಿಜವಾದ ಉದಾಹರಣೆ ಇದ್ಯಾ?

ಪ್ರಶ್ನೆ ಕೆಳಗೆ ನೀವು ಬರ್ದಿರೋದೂ ಓದಿದೆ. ನಿಮ್ಮ ತಮ್ಮ ಯೂನಿವರ್ಸಿಟಿ ಲೆವೆಲ್‌ನಲ್ಲಿ 400 ಮೀಟರ್ ಓಡ್ತಾನೆ, ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಆಗಿದೆ, ಆಫೀಸರ್ ಆಗೇ ಆಗ್ತೀನಿ ಅಂತ ಹಟ ಹಿಡಿದು ಕೂತಿದ್ದಾನೆ, ಅಮ್ಮ ಮಾತ್ರ ಬೇಡ ಅಂತಿದ್ದಾರೆ ಅಂತ. ಇದಕ್ಕೆ ಉತ್ತರ ಕೊಡ್ಬೇಕು ಅಂತ ಕೂತಾಗ ನನಗೆ ನೆನಪಾಗೋದು ಒಂದೇ ಹೆಸರು, ಬಾಬ್ ಕಾಲ್ಸು. ನಮ್ಮ ದೇಶದವನಲ್ಲ, ಅಮೆರಿಕದವನು. ಅವನನ್ನ ಏಕವಚನದಲ್ಲೇ ಕರೀತೀನಿ, ತಪ್ಪು ತಿಳ್ಕೋಬೇಡಿ, ತೀರ್ಕೊಂಡಾಗ ಅವನಿಗೆ ಬರೀ 25, ನನಗೀಗ ನಲವತ್ತು ಹತ್ರ ಬಂತು, ನನ್ನ ಮನಸ್ಸಲ್ಲಿ ಅವನು ತಮ್ಮನ ಥರಾನೇ ಇದ್ದಾನೆ.

ನಾನು ಕೆಲಸದ ಮೇಲೆ ಕೆಲವು ವರ್ಷ ಬಫಲೋದಲ್ಲಿದ್ದೆ, ನ್ಯೂಯಾರ್ಕ್ ರಾಜ್ಯದ ಆ ಕಡೆ ತುದಿ, ನಯಾಗರಾ ಹತ್ರ, ನವೆಂಬರ್ ಬಂತಂದ್ರೆ ಮಂಡಿ ಮಟ್ಟ ಹಿಮ. ಅಲ್ಲಿಯೋರಿಗೆ ಬಫಲೋ ಬಿಲ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮ್ ಅಂದ್ರೆ ಪ್ರಾಣ. ಆಫೀಸಲ್ಲಿ ರಿಟೈರ್ ಆಗೋಕೆ ಬಂದಿದ್ದ ಒಬ್ರು ಹಿರಿಯರು ನನ್ನನ್ನ ಮೊದಲ ಸಲ ಮ್ಯಾಚ್‌ಗೆ ಕರ್ಕೊಂಡು ಹೋದ್ರು, ಸ್ಟೇಡಿಯಂ ಒಳಗೆ ಟೀಮಿನ ದೊಡ್ಡ ಆಟಗಾರರ ಹೆಸರುಗಳನ್ನ ಗೋಡೆ ಮೇಲೆ ಹಾಕಿರ್ತಾರೆ, ಅದನ್ನ ತೋರಿಸ್ತಾ ತೋರಿಸ್ತಾ ಒಂದು ಹೆಸರಿಗೆ ಬಂದಾಗ ಸುಮ್ಮನಾಗ್ಬಿಟ್ರು. ಇವನು ಒಂದೇ ಸೀಸನ್ ಆಡಿದ್ದು ಅಂದ್ರು. ಹತ್ತು ಹನ್ನೆರಡು ವರ್ಷ ಆಡಿದೋರ ಪಕ್ಕ ಒಂದೇ ವರ್ಷ ಆಡಿದೋನ ಹೆಸರು ಯಾಕೆ ಅಂತ ಕೇಳಿದೆ. ಅವತ್ತು ರಾತ್ರಿ ಮನೆಗೆ ಬಂದು ಕೂತು ಓದೋಕೆ ಶುರು ಮಾಡಿದೋನು, ಆಮೇಲೆ ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ.

ಬಾಬ್ ಹುಟ್ಟಿದ್ದು 1945ರ ಏಪ್ರಿಲ್ 13, ಒಕ್ಲಹೋಮ ಸಿಟಿಯಲ್ಲಿ. ಸಾಧಾರಣ ಮನೆತನ, ಒಬ್ಬನೇ ಮಗ. ಅಲ್ಲೇ ಡೆಲ್ ಸಿಟಿಯಲ್ಲಿ ಹೈಸ್ಕೂಲು, ಆಮೇಲೆ ಯೂನಿವರ್ಸಿಟಿ ಆಫ್ ಒಕ್ಲಹೋಮ. ಆ ಯೂನಿವರ್ಸಿಟಿಲಿ ಫುಟ್‌ಬಾಲ್ ಆಡೋದು ಅಂದ್ರೆ ನಮ್ಮಲ್ಲಿ ರಣಜಿ ಆಡಿದ ಹಾಗೆ ಅಂತ ಹೇಳಿದ್ರೂ ಕಡಿಮೆನೇ, ಕಾಲೇಜು ಹುಡುಗರ ಆಟಕ್ಕೆ ಹತ್ತಾರು ಸಾವಿರ ಜನ ಸೇರ್ತಾರೆ. 1967ರಲ್ಲಿ ಅವನು ಟೀಮಿನ ಕ್ಯಾಪ್ಟನ್, ಆ ಸೀಸನ್‌ನಲ್ಲಿ ಹತ್ತು ಗೆಲುವು ಒಂದೇ ಸೋಲು, ಕೊನೇಲಿ 1968ರ ಜನವರಿ 1ಕ್ಕೆ ಮಿಯಾಮಿಯಲ್ಲಿ ಆರೆಂಜ್ ಬೌಲ್ ಫೈನಲ್ಲಿನಂಥ ಮ್ಯಾಚು, ಟೆನೆಸ್ಸಿ ಮೇಲೆ 26-24ರಲ್ಲಿ ಗೆದ್ರು. ಇಡೀ ದೇಶದ ಕಾಲೇಜು ಆಟಗಾರರಲ್ಲಿ ಆರಿಸೋ ಆಲ್-ಅಮೆರಿಕನ್ ಪಟ್ಟೀಲಿ ಅವನ ಹೆಸರು ಬಂತು.

ಅವನ ಜಾಗ ಯಾವುದು ಅಂತ ಹೇಳ್ಲೇಬೇಕು, ಯಾಕಂದ್ರೆ ಅದು ಗೊತ್ತಾದ್ರೆ ಮನುಷ್ಯ ಗೊತ್ತಾಗ್ತಾನೆ. ಅವನು ಲೈನ್‌ಮನ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಾಲ್ ಎಸೆಯೋನು ಒಬ್ಬ ಇರ್ತಾನೆ, ಹಿಡ್ಕೊಂಡು ಓಡೋರು ಇರ್ತಾರೆ, ಕ್ಯಾಮೆರಾ ಎಲ್ಲ ಅವರ ಮೇಲೇ. ಇವರ ಮುಂದೆ ಐದು ಜನ ಸಾಲಾಗಿ ಬಗ್ಗಿ ನಿಂತಿರ್ತಾರೆ, ಎದುರಿಂದ ನುಗ್ಗಿ ಬರೋರನ್ನ ಎದೆ ಕೊಟ್ಟು ತಡೆಯೋದು ಇವರ ಕೆಲಸ, ನಡುವೆ ನಿಂತೋನು ಆಟ ಶುರು ಮಾಡೋಕೆ ಬಾಲ್ ಹಿಂದಕ್ಕೆ ಕೊಡೋದು ಬಿಟ್ರೆ ಬಾಲ್ ಮುಟ್ಟೋದೇ ಇಲ್ಲ ಅನ್ನಬಹುದು. ಚೆನ್ನಾಗಿ ಮಾಡಿದ್ರೆ ಯಾರಿಗೂ ಕಾಣಲ್ಲ, ಒಂದು ಸಲ ತಪ್ಪಿದ್ರೆ ಹಿಂದೆ ಇರೋನು ನೆಲಕ್ಕೆ ಬೀಳ್ತಾನೆ, ಎಲ್ಲರಿಗೂ ಕಾಣುತ್ತೆ. ಬಾಬ್ ಆ ಕೆಲಸದಲ್ಲಿ ಹೆಸರು ಮಾಡಿದೋನು.

ಓದ್ತಾ ಇದ್ದಾಗಲೇ ಆರ್‌ಓಟಿಸಿ ಸೇರಿದ್ದ. ನಮ್ಮ ಎನ್‌ಸಿಸಿ ಥರ ಅಂದ್ಕೊಳ್ಳಿ, ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಮೂರು ವರ್ಷ ಪರೇಡ್ ಮಾಡಿ, ಕ್ಯಾಂಪ್ ಮಾಡಿ, ಸರ್ಟಿಫಿಕೇಟ್ ತಗೊಂಡು ಬ್ಯಾಂಕ್ ಪರೀಕ್ಷೆ ಬರೆದ್ರೂ ಯಾರೂ ಕೇಳಲ್ಲ. ಅಲ್ಲಿ ಕೊನೇ ಎರಡು ವರ್ಷದ ಟ್ರೈನಿಂಗ್‌ಗೆ ಸೈನ್ ಹಾಕಿದ್ರೆ ಡಿಗ್ರಿ ಜೊತೆಗೇ ಸೆಕೆಂಡ್ ಲೆಫ್ಟಿನೆಂಟ್ ಕಮಿಷನ್ ಬರುತ್ತೆ, ಆಮೇಲೆ ಕರೆದಾಗ ಹೋಗ್ಲೇಬೇಕು.

1968ರಲ್ಲಿ, ಪ್ರೊಫೆಶನಲ್ ಟೀಮುಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟಿನ ಎಂಟನೇ ರೌಂಡಿನಲ್ಲಿ, ಬಫಲೋ ಬಿಲ್ಸ್ ಅವನನ್ನ ಆರಿಸ್ತು. ಅದೇ ವರ್ಷದ ಶುರುವಲ್ಲಿ ಕಾಲೇಜಿನ ಪ್ರೀತಿ, ಜ್ಯಾನ್ ಅಂತ ಹುಡುಗಿ, ಮದುವೆ ಆಗಿತ್ತು. ಟೀಮಿಗೆ ಆ ವರ್ಷ ಬಹಳ ಕೆಟ್ಟ ವರ್ಷ, 14 ಮ್ಯಾಚಲ್ಲಿ ಒಂದೇ ಗೆಲುವು. ಅಂಥಾದ್ರಲ್ಲೂ ಇವನು ಆ ಐದು ಜನರ ಸಾಲಿನ ಗಾರ್ಡ್ ಜಾಗದಲ್ಲಿ ನಿಂತು ಆಡಿ ಟೀಮಿನ ಆ ವರ್ಷದ ಬೆಸ್ಟ್ ಹೊಸ ಆಟಗಾರ ಅನ್ನಿಸ್ಕೊಂಡ. ಮುಂದಿನ ವರ್ಷ ಜಾಗ ಗ್ಯಾರಂಟಿ, ಸಂಬಳ ಏರುತ್ತೆ, ಮನೇಲಿ ಪುಟ್ಟ ಮಗಳು ಬೇರೆ ಹುಟ್ಟಿದ್ಳು.

ಆಗ ಸೇನೆ ಕರೀತು.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡ್ಕೋಬೇಕು. ಆ ಕಾಲದಲ್ಲಿ ಪ್ರೊಫೆಶನಲ್ ಆಟಗಾರರು ವಿಯೆಟ್ನಾಂಗೆ ಹೋಗ್ತಿದ್ದದ್ದು ತೀರಾ ಕಡಿಮೆ. ರಿಸರ್ವ್, ನ್ಯಾಷನಲ್ ಗಾರ್ಡ್ ಅಂತ ಯೂನಿಟ್‌ಗಳಿದ್ವು, ಅಲ್ಲಿ ಸೇರ್ಕೊಂಡ್ರೆ ವೀಕೆಂಡ್ ಡ್ರಿಲ್ ಮಾಡ್ಕೊಂಡು ಸೀಸನ್ ಆಡ್ಕೊಂಡು ಇರಬಹುದಿತ್ತು, ಟೀಮಿನೋರೇ ಪರಿಚಯ ಹಿಡ್ದು ಅಂಥ ಜಾಗ ಕೊಡಿಸ್ತಿದ್ರು. ಬಾಬ್‌ಗೂ ಹಾಗೆ ಮಾಡು ಅಂತ ಹೇಳಿದೋರಿದ್ರು. ಅವನು ಯಾರ ಹತ್ರಾನೂ ಕೇಳ್ಲಿಲ್ಲ. ಮಾತು ಕೊಟ್ಟಿದ್ದೀನಿ, ಹೋಗ್ತೀನಿ ಅನ್ನೋದಷ್ಟೇ ಅವನ ಲೆಕ್ಕ. ಯುದ್ಧ ಸರಿ ಅಂತ ಅವನು ಎಲ್ಲೂ ಭಾಷಣ ಮಾಡಿದೋನಲ್ಲ. ನನಗಂತೂ ವಿಯೆಟ್ನಾಂ ಯುದ್ಧ ಬೇಕಿತ್ತು ಅಂತ ಇವತ್ತಿಗೂ ಅನ್ಸಲ್ಲ, ಆ ದೇಶದ ಎಷ್ಟು ಲಕ್ಷ ಜನ ಸತ್ರು, ಹಳ್ಳಿಗೆ ಹಳ್ಳಿನೇ ಸುಟ್ಟೋದ್ವು. ಅದು ಬೇರೆ ಮಾತು, ಸೈನ್ ಹಾಕಿದ್ದಕ್ಕೆ ನಿಂತ್ಕೊಂಡ ಹುಡುಗನ ಮೇಲಿನ ನನ್ನ ಗೌರವ ಬೇರೆ, ಎರಡನ್ನೂ ಒಟ್ಟಿಗೇ ಇಟ್ಕೊಂಡಿದ್ದೀನಿ.

ಮೊದಲು ಒಕ್ಲಹೋಮದಲ್ಲೇ ಫೋರ್ಟ್ ಸಿಲ್, ಅದು ಆರ್ಟಿಲರಿ ಸೆಂಟರ್, ಅಂದ್ರೆ ತೋಪಿನ ದಳದ ಟ್ರೈನಿಂಗ್ ಜಾಗ. 1969ರ ನವೆಂಬರಲ್ಲಿ ವಿಯೆಟ್ನಾಂ, 101ನೇ ಏರ್‌ಬಾರ್ನ್ ಡಿವಿಷನ್ನಿನ ಆರ್ಟಿಲರಿ ಬೆಟಾಲಿಯನ್. 1970ರ ಮೇನಲ್ಲಿ ರಜೆ ಸಿಕ್ಕಾಗ ಹವಾಯಿಯಲ್ಲಿ ಗಂಡ ಹೆಂಡತಿ ಒಂದು ವಾರ ಒಟ್ಟಿಗಿದ್ರು, ಆಗ ಜ್ಯಾನ್ ಎರಡನೇ ಮಗುವಿನ ಬಸುರಿ. ಅದೇ ಕೊನೆ ಭೇಟಿ.

ಅಲ್ಲಿಂದ ವಾಪಸ್ ಹೋದ್ಮೇಲೆ ಬಾಬ್ ಇದ್ದದ್ದು ಫೈರ್‌ಬೇಸ್ ರಿಪ್‌ಕಾರ್ಡ್ ಅನ್ನೋ ಜಾಗದಲ್ಲಿ. ‘ಆ ಶೌ’ ಅನ್ನೋ ಹೆಸರಿನ ಕಣಿವೆ ಹತ್ರ ಒಂದು ಗುಡ್ಡದ ನೆತ್ತಿ, ಸುತ್ತ ಕಾಡು, ಮೇಲೆ ತೋಪುಗಳು, ಮರಳು ಮೂಟೆ, ಬಂಕರ್. ರಸ್ತೆ ಅನ್ನೋದೇ ಇಲ್ಲ, ಊಟ ನೀರು ಮದ್ದುಗುಂಡು ಎಲ್ಲ ಹೆಲಿಕಾಪ್ಟರಲ್ಲೇ ಬರ್ಬೇಕು. ಜುಲೈ 1ರಿಂದ ಉತ್ತರ ವಿಯೆಟ್ನಾಂ ಸೇನೆ ಗುಡ್ಡನ ಸುತ್ತುವರಿದು ಹಗಲು ರಾತ್ರಿ ಮಾರ್ಟರ್ ಹೊಡೆಯೋಕೆ ಶುರು ಮಾಡ್ತು. ಬಾಬ್‌ನ ಬ್ಯಾಟರಿ, ಅಂದ್ರೆ ತೋಪಿನ ತುಕಡಿಯ ಕಮಾಂಡರ್‌ಗೆ ಗಾಯ ಆಗಿ ಸಾಗಿಸಿದ್ರು, ಜವಾಬ್ದಾರಿ ಇವನ ಹೆಗಲಿಗೆ ಬಂತು. ಜುಲೈ 18ಕ್ಕೆ ಸಾಮಾನು ತಂದ ದೊಡ್ಡ ಚಿನೂಕ್ ಹೆಲಿಕಾಪ್ಟರ್‌ಗೆ ಗುಂಡು ಬಿದ್ದು ಅದು ಬೇಸ್ ಮೇಲೇ ಬಿತ್ತು, ಮದ್ದು ರಾಶಿಗೆ ಬೆಂಕಿ ಹತ್ಕೊಂಡು ಪಕ್ಕದ ಬ್ಯಾಟರಿಯ 105 ಎಂಎಂ ತೋಪುಗಳೆಲ್ಲ ಹಾಳಾದ್ವು.

ನನ್ನ ಕಣ್ಣಿಗೆ ಕಟ್ಟಿದ ಹಾಗಿರೋ ಒಂದು ಚಿತ್ರ ಇದೆ. ಅವರದ್ದು 155 ಎಂಎಂ ತೋಪು, ಒಂದೊಂದು ಶೆಲ್ 97 ಪೌಂಡು, ಅಂದ್ರೆ 44 ಕೆಜಿ, ನಮ್ಮ ಸಿಮೆಂಟ್ ಮೂಟೆಗಿಂತ ಐದಾರು ಕೆಜಿ ಕಡಿಮೆ ಅಷ್ಟೇ. ಹೆಲಿಕಾಪ್ಟರ್ ಇಳಿಸಿದ ಜಾಗದಿಂದ ತೋಪಿನವರೆಗೂ ಹೊತ್ಕೊಂಡು ಗುಡ್ಡದ ಏರಲ್ಲಿ ನಡೀಬೇಕು. ಲೆಫ್ಟಿನೆಂಟ್ ಆದೋನು ಹೊರಬೇಕಾಗಿಲ್ಲ, ನಿಂತು ಹೇಳಿದ್ರೆ ಸಾಕು. ಇವನು ಅಂಗಿ ಬಿಚ್ಚಿ ಹುಡುಗರ ಜೊತೆ ತಾನೂ ಹೊರ್ತಿದ್ದ, ಒಂದಲ್ಲ, ಒಟ್ಟಿಗೆ ಎರಡು ಮೂರು, ಯಾರು ಹೆಚ್ಚು ಹೊರ್ತಾರೆ ಅಂತ ಅವರ ಜೊತೆ ಪಂದ್ಯ ಕಟ್ಟಿ. ಮೇಲಿಂದ ಮಾರ್ಟರ್ ಬೀಳ್ತಿರೋ ಜಾಗದಲ್ಲಿ ಆ ಹುಡುಗರನ್ನ ನಗಿಸ್ಕೊಂಡು ಕೆಲಸ ಮಾಡಿಸ್ತಿದ್ದದ್ದು ಅವನ ಫುಟ್‌ಬಾಲ್ ಮೈ. ಕಾಲೇಜಿನ ಆಟ ಆರ್ಮಿಲಿ ಯಾವ ಉಪಯೋಗಕ್ಕೆ ಬರುತ್ತೆ ಅನ್ನೋದಕ್ಕೆ ನನಗೆ ಗೊತ್ತಿರೋ ಉತ್ತರ ಇದು.

1970 ಜುಲೈ 21. ಮಗು ಹುಟ್ಟುತ್ತೆ ಅಂತ ಡಾಕ್ಟರು ಕೊಟ್ಟಿದ್ದ ಡೇಟ್ ಅದೇ ದಿನ. ಬಂಕರ್ ಒಳಗೆ ಸೆಖೆ ತಡೀಲಾರದೆ ಬಾಗಿಲ ಹತ್ರ ಬಂದಿದ್ದ, ಹೆಂಡತಿ ಕಾಗದ ಕೈಲಿತ್ತು, ಪಕ್ಕದಲ್ಲಿದ್ದ ಸೈನಿಕನಿಗೆ ಇವತ್ತು ನನ್ನ ಹೆಂಡತಿಗೆ ಹೆರಿಗೆ ಅಂತ ಹೇಳ್ಕೊಂಡ. ಅಷ್ಟರಲ್ಲಿ ಮಾರ್ಟರ್ ಬಂದು ಬಿತ್ತು. ಪಕ್ಕದೋನು ಉಳ್ಕೊಂಡ, ಇವನು ಹೋದ.

ಒಕ್ಲಹೋಮ ಸಿಟಿಯ ಆಸ್ಪತ್ರೇಲಿ ಜುಲೈ 23ಕ್ಕೆ ಗಂಡು ಮಗು ಹುಟ್ತು. ಕೆಲವೇ ಗಂಟೆಗಳಲ್ಲಿ ಯೂನಿಫಾರ್ಮ್ ಹಾಕಿದ್ದ ಒಬ್ಬ ಲೆಫ್ಟಿನೆಂಟ್ ಸುದ್ದಿ ತಗೊಂಡು ಅದೇ ಆಸ್ಪತ್ರೆಗೆ ಬಂದ. ಬಾಣಂತಿ ಜ್ಯಾನ್ ಮಗುಗೆ ಬರೆಸಿದ್ದ ಹೆಸರನ್ನ ಬದಲಾಯಿಸಿ ಗಂಡನ ಪೂರ್ತಿ ಹೆಸರನ್ನೇ ಇಟ್ಳು, ಜೇಮ್ಸ್ ರಾಬರ್ಟ್ ಕಾಲ್ಸು ಜೂನಿಯರ್. ಅದೇ 23ನೇ ತಾರೀಖು ಆ ಕಡೆ ಸೇನೆ ರಿಪ್‌ಕಾರ್ಡ್ ಗುಡ್ಡನೂ ಖಾಲಿ ಮಾಡ್ತು, ಅವನು ಕಾಯ್ತಿದ್ದ ಜಾಗ ಎರಡೇ ದಿನಕ್ಕೆ ಬೇಡವಾಯ್ತು. ಇದನ್ನ ಬರೆಯೋವಾಗ ಇವತ್ತೂ ಕೈ ನಿಂತೋಗುತ್ತೆ.

ಪ್ರೊಫೆಶನಲ್ ಫುಟ್‌ಬಾಲ್ ಆಟಗಾರರಲ್ಲಿ ವಿಯೆಟ್ನಾಂನಲ್ಲಿ ಸತ್ತೋನು ಇವನೊಬ್ಬನೇ ಅಂತ ತುಂಬಾ ಕಡೆ ಬರ್ದಿರ್ತಾರೆ, ಅದು ಪೂರ್ತಿ ಸರಿಯಲ್ಲ, ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಆಡಿದ್ದ ಡಾನ್ ಸ್ಟೈನ್‌ಬ್ರನರ್ ಅನ್ನೋ ಏರ್‌ಫೋರ್ಸ್ ಅಧಿಕಾರಿ 1967ರಲ್ಲೇ ಅಲ್ಲಿ ತೀರ್ಕೊಂಡಿದ್ರು. ಇನ್ನು ಉದ್ದ ಕರಿಯರ್ ಆದೋರ ಉದಾಹರಣೆ ಬೇಕು ಅಂದ್ರೆ ಪೀಟ್ ಡಾಕಿನ್ಸ್ ಇದ್ದಾರೆ, ಚಿಕ್ಕೋರಿದ್ದಾಗ ಪೋಲಿಯೋ ಬಂದಿತ್ತು, ಆಮೇಲೆ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟಿನ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್ ಆಗಿ 1958ರಲ್ಲಿ ದೇಶದ ಬೆಸ್ಟ್ ಕಾಲೇಜು ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ ಗೆದ್ರು, ಆಕ್ಸ್‌ಫರ್ಡಲ್ಲಿ ಓದಿದ್ರು, ವಿಯೆಟ್ನಾಂನಲ್ಲಿ ಇದ್ರು, ಬ್ರಿಗೇಡಿಯರ್ ಜನರಲ್ ಆಗಿ 1983ರಲ್ಲಿ ನಿವೃತ್ತಿ, ಆಮೇಲೆ ಬ್ಯಾಂಕಿಂಗ್ ಉದ್ಯೋಗ. ಅದೂ ದೊಡ್ಡ ಜೀವನವೇ, ನಿಮ್ಮ ಅಮ್ಮನಿಗೆ ಹೇಳೋದಾದ್ರೆ ಮೊದಲು ಅದನ್ನೇ ಹೇಳಿ.

ಬಾಬ್ ಹೆಸರು ಬಿಲ್ಸ್ ಗೋಡೆ ಮೇಲೆ ಬಂದದ್ದು 2000ದಲ್ಲಿ, ಅಂದ್ರೆ ಮೂವತ್ತು ವರ್ಷ ಆದ್ಮೇಲೆ. ಡೆಲ್ ಸಿಟಿ ಸ್ಕೂಲಿನ ಸ್ಟೇಡಿಯಂಗೂ ಅವನದೇ ಹೆಸರು. ಬಾಗ್ದಾದಿಂದ ದಕ್ಷಿಣಕ್ಕೆ ಇರಾಕಲ್ಲಿ ಅಮೆರಿಕನ್ ಸೇನೆ ಕಟ್ಟಿದ ಒಂದು ಬೇಸ್‌ಗೂ ಕಾಲ್ಸು ಅಂತಾನೇ ಇಟ್ಟಿದ್ರು.

ವಾಪಸ್ ಬರೋ ಮುಂಚೆ ವಾಷಿಂಗ್ಟನ್‌ಗೆ ಹೋಗಿ ವಿಯೆಟ್ನಾಂ ಸ್ಮಾರಕ ನೋಡಿದೆ. ಕಪ್ಪು ಗ್ರಾನೈಟ್ ಗೋಡೆ, 58 ಸಾವಿರಕ್ಕೂ ಹೆಚ್ಚು ಹೆಸರು, ಎಬಿಸಿಡಿ ಕ್ರಮದಲ್ಲಿಲ್ಲ, ತೀರ್ಕೊಂಡ ತಾರೀಖಿನ ಕ್ರಮದಲ್ಲಿ. ಹಾಗಾಗಿ ಅಲ್ಲಿಟ್ಟಿರೋ ದಪ್ಪ ಪುಸ್ತಕದಲ್ಲಿ ಹುಡುಕಿ ಯಾವ ಪ್ಯಾನೆಲ್ ಅಂತ ತಿಳ್ಕೋಬೇಕು. ಬಾಬ್ ಕಾಲ್ಸು ಅಂತ ಇಲ್ಲ, ಜೇಮ್ಸ್ ಆರ್. ಕಾಲ್ಸು ಅಂತ ಇದೆ. ಹೆಸರು ಸಿಕ್ಕಾಗ ಬೆರಳಿಟ್ಟು ನೋಡಿದೆ, ಕಲ್ಲು ಬಿಸಿಲಿಗೆ ಕಾದಿತ್ತು, ಅಕ್ಷರಗಳ ಮೇಲೆ ನನ್ನ ಮುಖ ಕಾಣ್ತಿತ್ತು. ಅಲ್ಲೇ ಒಬ್ಬ ಅಜ್ಜಿ ಬೇರೊಂದು ಹೆಸರಿನ ಮೇಲೆ ಕಾಗದ ಒತ್ತಿ ಹಿಡ್ಕೊಂಡು ಪೆನ್ಸಿಲ್ ಉಜ್ಜಿ ಅಚ್ಚು ತಗೋತಿದ್ರು, ನಾನೂ ಒಂದು ತಗೊಂಡೆ.

ಈಗ ನಿಮ್ಮ ತಮ್ಮನ ವಿಷಯ. ನಾನೂ ಕಾಲೇಜಲ್ಲಿ ವಾಲಿಬಾಲ್ ಆಡಿ, ಎನ್‌ಸಿಸಿ ಮಾಡಿ, ಬೆಂಗಳೂರಲ್ಲಿ ಎಸ್‌ಎಸ್‌ಬಿಗೆ, ಅಂದ್ರೆ ಸೇನೆಗೆ ಆಫೀಸರ್‌ಗಳನ್ನ ಆರಿಸೋ ಐದು ದಿನದ ಸಂದರ್ಶನಕ್ಕೆ, ಹೋದೋನು. ಮೊದಲ ದಿನ ಸ್ಕ್ರೀನಿಂಗ್ ಪಾಸಾಯ್ತು, ಐದನೇ ದಿನ ಕಾನ್ಫರೆನ್ಸ್ ಮುಗಿದ್ಮೇಲೆ ಆಯ್ಕೆ ಆದೋರದ್ದು ಅಂತ ಕರೆದ ಚೆಸ್ಟ್ ನಂಬರ್‌ಗಳಲ್ಲಿ ನನ್ನದಿರ್ಲಿಲ್ಲ. ಆ ಐದು ದಿನ ನನಗೆ ಕಲಿಸಿದ್ದು ಬಹಳ. ‘ಸಿ’ ಸರ್ಟಿಫಿಕೇಟಲ್ಲಿ ಕನಿಷ್ಠ ‘ಬಿ’ ಗ್ರೇಡು, ಡಿಗ್ರೀಲಿ ಶೇ. 50 ಇದ್ರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಹಾಕಬಹುದು, ವಯಸ್ಸು 19ರಿಂದ 25, ಯುಪಿಎಸ್‌ಸಿ ರಿಟನ್ ಟೆಸ್ಟ್ ಇಲ್ಲ, ನೇರ ಎಸ್‌ಎಸ್‌ಬಿ. ಆಯ್ಕೆ ಆದ್ರೆ ಚೆನ್ನೈನ ಓಟಿಎ, ಅಂದ್ರೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ ಟ್ರೈನಿಂಗ್, ಆಮೇಲೆ ಹತ್ತು ವರ್ಷದ ಶಾರ್ಟ್ ಸರ್ವಿಸ್, ನಾಲ್ಕು ವರ್ಷ ಮುಂದುವರಿಸೋಕೂ ಆಗುತ್ತೆ. ವರ್ಷಕ್ಕೆ ಎರಡು ಸಲ ಕರೀತಾರೆ, ಸೀಟು ಕಡಿಮೆ, ಮೊದಲ ಸಲ ಆಗ್ಲಿಲ್ಲ ಅಂದ್ರೆ ಇನ್ನೊಂದು ಸಲ ಹೋಗೋಕೆ ಹೇಳಿ.

ಅರ್ಜಿ ಹಾಕೋ ಮುಂಚೆ ಒಂದು ಸಂಜೆ ಅವನು ಅಮ್ಮನ ಜೊತೆ ಕೂತು ಎಲ್ಲ ಮಾತಾಡ್ಲಿ, ಗಡಿ, ಪೋಸ್ಟಿಂಗ್, ಏನಾದ್ರೂ ಆದ್ರೆ ಅನ್ನೋದು ಸಮೇತ. ಅಮ್ಮ ಅಳ್ತಾರೆ ಅಂತ ನೀವು ಮಧ್ಯದಲ್ಲಿ ಮಾತು ಬದಲಾಯಿಸ್ಬೇಡಿ. ಕಾಲ್ ಲೆಟರ್ ಬಂದ ದಿನ ಇಲ್ಲಿ ಒಂದು ಸಾಲು ಹಾಕಿ, ಗ್ರೂಪ್ ಟಾಸ್ಕ್ ಬಗ್ಗೆ ನನಗೆ ಗೊತ್ತಿರೋದೆಲ್ಲ ಬರ್ದು ಕೊಡ್ತೀನಿ.