ಬಯೋಫಿಲ್ಮ್ ಮಾದರಿಗೆ ಯಾವ ಸ್ಥಿತಿಸ್ಥಾಪಕ ಗುಣಾಂಕವನ್ನು ನಂಬಬೇಕು?

ಹರಿಯುವ ನೀರಿನಡಿ ಮೇಲ್ಮೈಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾಗಳ ಲೋಳೆ ಪದರವಾದ ಬಯೋಫಿಲ್ಮ್‌ಗೆ ಗಣಿತದ ಮಾದರಿ ಕಟ್ಟುತ್ತಿದ್ದೀರಿ. ಅದರ ಸ್ಥಿತಿಸ್ಥಾಪಕ ಗುಣಾಂಕ (ಬಿಗಿತದ ಅಳತೆ) ಒಂದು ಲೇಖನದಲ್ಲಿ ಕೆಲವೇ ಪಾಸ್ಕಲ್, ಇನ್ನೊಂದರಲ್ಲಿ ಹಲವು ಕಿಲೋಪಾಸ್ಕಲ್ ಎಂದಿರುವುದರಿಂದ ಯಾವುದನ್ನು ತೆಗೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಸಂಖ್ಯೆಗಿಂತ ಮೊದಲು, ನಿಮ್ಮ ಪ್ರಶ್ನೆ ಯಾವ ಕಾಲಾವಧಿಗೆ ಸಂಬಂಧಿಸಿದ್ದು ಎಂಬುದನ್ನು ನಿರ್ಧರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಬಯೋಫಿಲ್ಮ್‌ನ ಬಹುಭಾಗ ನೀರು. ಜೀವಕೋಶಗಳನ್ನು ಹಿಡಿದಿಡುವುದು ಅವೇ ಸ್ರವಿಸಿದ ಪಾಲಿಸ್ಯಾಕರೈಡ್, ಪ್ರೋಟೀನ್ ಮತ್ತು ಕೋಶದಾಚೆಯ ಡಿಎನ್‌ಎಗಳ ಜಾಲ. ಈ ಜಾಲದ ಕೊಂಡಿಗಳು ಬಿಡಿಸಿಕೊಳ್ಳುತ್ತಲೂ ಮತ್ತೆ ಬೆಸೆದುಕೊಳ್ಳುತ್ತಲೂ ಇರುವುದರಿಂದ, ಅದು ಕ್ಷಣಕಾಲದ ಹೊಡೆತಕ್ಕೆ ಘನದಂತೆಯೂ ಗಂಟೆಗಟ್ಟಲೆ ಬೀಳುವ ಬಲಕ್ಕೆ ದ್ರವದಂತೆಯೂ ವರ್ತಿಸುತ್ತದೆ. 2004ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಬಂದ ಒಂದು ಅಧ್ಯಯನ ಹಲವು ಬಯೋಫಿಲ್ಮ್‌ಗಳನ್ನು ಹೋಲಿಸಿದಾಗ, ಗುಣಾಂಕಗಳು ಅಪಾರ ಅಂತರದಲ್ಲಿ ಚದುರಿದ್ದರೂ ಸಡಿಲಿಕೆಯ ಅವಧಿ (ಘನದಂಥ ವರ್ತನೆ ದ್ರವದಂಥದ್ದಕ್ಕೆ ತಿರುಗಲು ಬೇಕಾಗುವ ಕಾಲ) ಮಾತ್ರ ಸುಮಾರು 18 ನಿಮಿಷಗಳ ಸುತ್ತ ನೆರೆದಿತ್ತು. ನನಗಂತೂ ಈ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಸುಳಿವು ಬೇರೊಂದಿಲ್ಲ. ಸೆಕೆಂಡುಗಳ ಲೆಕ್ಕದಲ್ಲಿ ಅಲುಗುವ ಬಯೋಫಿಲ್ಮ್ ಎಳೆಗಳಿಗೆ ಸ್ಥಿತಿಸ್ಥಾಪಕ ಮಾದರಿ ಸಾಕು. ದಿನಗಟ್ಟಲೆಯ ಬೆಳವಣಿಗೆಗೆ ಸ್ನಿಗ್ಧ ದ್ರವದ ಮಾದರಿ ಒಪ್ಪುತ್ತದೆ.

ನಡುವಿನ ಅವಧಿಗೆ ಬರ್ಗರ್ಸ್ ಮಾದರಿಯಿಂದ ಆರಂಭಿಸಿ. ಸ್ಪ್ರಿಂಗ್ ಮತ್ತು ಸ್ನಿಗ್ಧ ಡ್ಯಾಂಪರ್ ಒಂದರ ಹಿಂದೊಂದು ಇರುವ ಮ್ಯಾಕ್ಸ್‌ವೆಲ್ ಭಾಗವನ್ನೂ, ಅವೆರಡೂ ಪಕ್ಕಪಕ್ಕದಲ್ಲಿರುವ ಕೆಲ್ವಿನ್-ವಾಯ್ಟ್ ಜೋಡಿಯನ್ನೂ ಅದು ಸರಣಿಯಲ್ಲಿ ಜೋಡಿಸುತ್ತದೆ. ಸ್ಥಿರವಾದ ಷಿಯರ್ ಸ್ಟ್ರೆಸ್ (ಮೇಲ್ಮೈಗುಂಟ ಎಳೆಯುವ ಒತ್ತಡ) ಹಾಕಿದೊಡನೆ ಪದರ ಥಟ್ಟನೆ ಒಂದಿಷ್ಟು ವಾಲುತ್ತದೆ, ಬಳಿಕ ವೇಗ ತಗ್ಗಿಸುತ್ತಾ ಬಾಗುತ್ತದೆ, ಕೊನೆಗೆ ಒಂದೇ ಸಮನೆ ಜಾರತೊಡಗುತ್ತದೆ; ಬಲ ತೆಗೆದರೆ ಒಂದು ಪಾಲು ಹಿಂದಿರುಗಿ, ಜಾರಿದ ಪಾಲು ಹಾಗೆಯೇ ಉಳಿಯುತ್ತದೆ. ಮೊದಲ ಜಿಗಿತ ಮ್ಯಾಕ್ಸ್‌ವೆಲ್ ಸ್ಪ್ರಿಂಗ್‌ನ ಬಿಗಿತವನ್ನೂ, ನಡುವಿನ ಬಾಗು ಕೆಲ್ವಿನ್-ವಾಯ್ಟ್ ಜೋಡಿಯನ್ನೂ ಕೊಡುತ್ತದೆ. ಸ್ಟ್ರೆಸ್ಸನ್ನು ಕಾಲಕ್ಕೆದುರಾಗಿ ವಿರೂಪ ತೋರಿಸುವ ರೇಖಾಚಿತ್ರದ ಕೊನೆಯ ನೇರಗೆರೆಯ ಇಳಿಜಾರಿನಿಂದ ಭಾಗಿಸಿದರೆ ಸ್ನಿಗ್ಧತೆ ಸಿಗುತ್ತದೆ. ಕೆಲ್ವಿನ್-ವಾಯ್ಟ್ ಒಂದನ್ನೇ ಬಳಸಿದರೆ ಆ ಶಾಶ್ವತ ಜಾರುವಿಕೆ ಲೆಕ್ಕದಿಂದಲೇ ಮಾಯವಾಗುತ್ತದೆ.

ಇನ್ನು ಅಳತೆಯ ವಿಧಾನ. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್‌ನ ತುದಿ ಮೇಲ್ಮೈಯ ಅತಿ ಚಿಕ್ಕ ಜಾಗವನ್ನು ಒತ್ತುತ್ತದೆ, ರಿಯೋಮೀಟರ್ ಇಡೀ ಪದರವನ್ನು ತಿರುಚುತ್ತದೆ. ಕೆರೆದು ತೆಗೆದ ಬಯೋಫಿಲ್ಮ್ ತುಣುಕಿನಲ್ಲಿ ಜಾಲವೇ ಹರಿದಿರುವುದರಿಂದ, ಅಂಥ ಅಳತೆಗಳನ್ನು ಅಂಟಿಕೊಂಡಿರುವ ಪದರಕ್ಕೆ ನೇರವಾಗಿ ಬಳಸುವುದು ಸರಿಯಲ್ಲ. ಪೋಷಕ ದ್ರಾವಣದ ಕ್ಯಾಲ್ಸಿಯಂ ಪ್ರಮಾಣವನ್ನೂ ಗಮನಿಸಿ: ಆಲ್ಜಿನೇಟ್ ಎಂಬ ಪಾಲಿಸ್ಯಾಕರೈಡ್ ಹೇರಳವಾಗಿರುವ ಸ್ಯೂಡೊಮೊನಾಸ್ ಎರುಜಿನೋಸಾ ಬ್ಯಾಕ್ಟೀರಿಯಾದ ಪದರಗಳನ್ನು ಅದು ಗಟ್ಟಿಗೊಳಿಸುತ್ತದೆ.

ಪದರ ಕಿತ್ತುಹೋಗುವುದನ್ನೂ ಲೆಕ್ಕಹಾಕಬೇಕಿದ್ದರೆ ಇವು ಯಾವುವೂ ಸಾಲವು. ಒಳಗಿನ ಒಗ್ಗಟ್ಟಿಗೂ ತಳದ ಅಂಟಿಗೂ ಪ್ರತ್ಯೇಕ ಮುರಿಯುವ ಮಿತಿಗಳನ್ನು ನೀವೇ ಸೇರಿಸಬೇಕಾಗುತ್ತದೆ.