ಅವ್ವನ ಪದಕ್ಕೆ ಯಾವ ಮೈಕು?

ಪ್ರಶ್ನೆ: ಅಕ್ಕಾರೆ, ನಮ್ಮದು ರಬಕವಿ. ನಮ್ಮವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬೀಸುವ ಪದ, ಸೋಬಾನ ಪದ ಬಹಳ ಬರ್ತಾವೆ. ಮನೆಯಲ್ಲೇ ರೆಕಾರ್ಡ್ ಮಾಡಿಡಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಒಂದು ಕಂಡೆನ್ಸರ್ ಮೈಕ್ ಕಿಟ್ ನೋಡಿದ್ದೇನೆ. ಎರಡು ಸಾವಿರದೊಳಗೆ ಮೈಕು, ಸ್ಟ್ಯಾಂಡು, ಸೌಂಡ್ ಕಾರ್ಡ್ ಎಲ್ಲಾ ಬರುತ್ತದಂತೆ. ಗೆಳೆಯ 48 ವೋಲ್ಟ್ ಇಲ್ಲದೆ ನಡೆಯೋದೇ ಇಲ್ಲ ಅಂತಾನೆ. ನನ್ನ ಹತ್ತಿರ ನಾಲ್ಕು ಸಾವಿರ ರೂಪಾಯಿ, ಒಂದು ಹಳೇ ಲ್ಯಾಪ್‌ಟಾಪ್ ಇದೆ. ಅಕ್ಕಪಕ್ಕ ಪವರ್‌ಲೂಮ್ ಇದಾವೆ. ಏನು ತಗೊಳ್ಳಲಿ?

ಉತ್ತರ: ತಮ್ಮಾ, ಆ ಕಿಟ್ ಬೇಡ. ಯುಎಸ್‌ಬಿ ಕಂಡೆನ್ಸರ್ ಮೈಕು ತಗೋ. ಯಾಕೆ ಅಂತ ಹೇಳ್ತೀನಿ.

ನಿನ್ನ ಗೆಳೆಯ ಹೇಳಿದ್ದು ಅರ್ಧ ನಿಜ. ಕಂಡೆನ್ಸರ್ ಮೈಕಿನೊಳಗೆ ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಹಾಳೆ, ಅದರ ಹಿಂದೆ ಒಂದು ಲೋಹದ ತಟ್ಟೆ ಇರುತ್ತದೆ. ದನಿ ಬಡಿದರೆ ಹಾಳೆ ಅದುರುತ್ತದೆ, ಎರಡರ ನಡುವಿನ ಸಂದು ಹೆಚ್ಚುಕಡಿಮೆ ಆಗುತ್ತದೆ. ಅದರಿಂದಲೇ ಸಿಗ್ನಲ್ ಹುಟ್ಟುತ್ತದೆ. ಇದೆಲ್ಲ ನಡೆಯೋಕೆ ಹೊರಗಿನಿಂದ ಕರೆಂಟು ಬೇಕು. ಆಡಿಯೋ-ಟೆಕ್ನಿಕಾದ ಎಟಿ2020 ಥರದ ಮೂರು ಪಿನ್ನಿನ ಮೈಕಿಗೆ 48 ವೋಲ್ಟ್ ಕೊಡುವ ಇಂಟರ್‌ಫೇಸ್, ಅಂದರೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಇರಲೇಬೇಕು. ಮೈಕು, ಇಂಟರ್‌ಫೇಸ್ ಎರಡೂ ಸೇರಿದರೆ ಹತ್ತು ಸಾವಿರ ದಾಟುತ್ತದೆ. ಯುಎಸ್‌ಬಿ ಮೈಕಿಗೆ ಆ ಖರ್ಚಿಲ್ಲ. ಬೇಕಾದ ಕರೆಂಟನ್ನು ಅದು ಲ್ಯಾಪ್‌ಟಾಪ್‌ನಿಂದಲೇ ತಗೊಳ್ಳುತ್ತದೆ. ಫಿಫೈನ್, ಮಾವೊನೊ ಥರದ ಕಂಪನಿಗಳಲ್ಲಿ ನಿನ್ನ ದುಡ್ಡಿಗೆ ಹೊಂದುವ ಮೈಕು ಸಿಗುತ್ತದೆ.

ಇನ್ನು ಆ ಅಗ್ಗದ ಕಿಟ್. ಇಂಥ ಕಿಟ್‌ಗಳ ಮೈಕಿಗೂ ಕೆಳಗೆ ಮೂರು ಪಿನ್ ಇರುತ್ತವೆ. ಆದರೆ ಜೊತೆಗೆ ಕೊಡುವ ವಾಯರಿನ ಇನ್ನೊಂದು ತುದಿ ಹೆಡ್‌ಫೋನಿನ ಸಣ್ಣ ಪಿನ್. ಆ ಪಿನ್ನಿನ ಮೇಲೆ ಕರಿ ಗೆರೆ ಎಣಿಸಿ ನೋಡು. ಎರಡೇ ಇದ್ದರೆ ಮೊಬೈಲಿಗೆ ಅದು ಮೈಕು ಅಂತ ಗೊತ್ತೇ ಆಗೋದಿಲ್ಲ, ಮೂರು ಗೆರೆ ಬೇಕು. ಹಳೇ ಲ್ಯಾಪ್‌ಟಾಪಿನ ಮೈಕಿನ ತೂತಿಗೆ ಹಾಕಿದರೆ ದನಿ ಬರುತ್ತದೆ, ಆದರೆ ಸಣ್ಣಗೆ. ಅಲ್ಲಿ ಸಿಗೋದು ಕೆಲವೇ ವೋಲ್ಟ್ ಅಲ್ವಾ? ಜೋರು ಮಾಡಿದರೆ ಸುಂಯ್ ಅನ್ನೋ ಸದ್ದೂ ಜೊತೆಗೇ ಏರುತ್ತದೆ. ಆ ಸೌಂಡ್ ಕಾರ್ಡಿನ ಮೇಲೆ ಚಪ್ಪಾಳೆ, ನಗುವಿನ ಬಟನ್ ಇರುತ್ತವೆ. ಅವ್ವನ ಪದಕ್ಕೆ ಅವು ಬೇಕಿಲ್ಲ.

ಕಿಟ್‌ನಲ್ಲಿ ನಿನಗೆ ನಿಜವಾಗಿ ಉಪಯೋಗಕ್ಕೆ ಬರುವವು ಎರಡು. ಒಂದು ಪಾಪ್ ಫಿಲ್ಟರ್, ಅಂದರೆ ಬಾಯಿ ಮುಂದೆ ನಿಲ್ಲಿಸುವ ಬಟ್ಟೆಯ ಜಾಳಿಗೆ. ‘ಪ’, ‘ಬ’, ‘ಭ’ ಅಂದಾಗ ಉಸಿರು ಮೈಕಿಗೆ ಬಡಿಯದ ಹಾಗೆ ತಡೆಯುತ್ತದೆ. ಇನ್ನೊಂದು ರಬ್ಬರ್ ದಾರದ ಮೇಲೆ ಮೈಕನ್ನು ತೂಗುಹಾಕುವ ಶಾಕ್ ಮೌಂಟ್. ಅವ್ವ ಬೀಸುಕಲ್ಲಿನ ಮುಂದೆ ಕೂತೇ ಹಾಡೋದಾದರೆ ಕಲ್ಲಿನ ಅದುರು ನೆಲದಿಂದ ಸ್ಟ್ಯಾಂಡಿಗೆ ಏರುತ್ತದೆ. ಶಾಕ್ ಮೌಂಟ್ ಅದನ್ನು ಬಹಳಷ್ಟು ತಡೆಯುತ್ತದೆ. ಸ್ಟ್ಯಾಂಡಿನ ಕೆಳಗೂ ಒಂದು ಕೌದಿ ಮಡಿಚಿ ಹಾಕು.

ಕಲ್ಲಿನ ಮುಂದೆ ಕೂತೇ ಹಾಡಲಿ ಅಂತ ನನ್ನ ಮನಸ್ಸು. ಆ ಪದದ ತಾಳ ಇರೋದೇ ಕಲ್ಲಿನ ತಿರುವಿನಲ್ಲಿ. ಸುಮ್ನೆ ಕುರ್ಚಿ ಮೇಲೆ ಕೂರಿಸಿದರೆ ಉಸಿರು ತಗೊಳ್ಳುವ ಜಾಗವೇ ಬದಲಾಗುತ್ತದೆ. ಬೀಸುವಾಗ ಮೈ ಹಿಂದೆ ಮುಂದೆ ತೂಗುತ್ತದೆ, ಹಾಗಾಗಿ ಮೈಕು ಒಂದು ಗೇಣಿಗೆ ಬದಲು ಎರಡು ಗೇಣು ದೂರ ಇರಲಿ.

ಈಗ ನಾನು ಮಾಡಿದ ತಪ್ಪು ಕೇಳು. ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಮನೆ, ಇಲ್ಲೂ ಮಗ್ಗದ ಸದ್ದು. ನಮ್ಮತ್ತೆ ಒಂದು ದಿನ ಒಂದೂವರೆ ಗಂಟೆ ಹಾಡಿದರು. ಆಮೇಲೆ ಕೇಳಿದರೆ ಅವರ ದನಿ ಬಾವಿಯೊಳಗಿಂದ ಬಂದ ಹಾಗೆ, ಕಿಟಕಿ ಆಚೆಯ ಮಗ್ಗ ಮಾತ್ರ ಸ್ಪಷ್ಟ. ನಾನು ಮೈಕಿನ ಬೆನ್ನನ್ನು ಅವರ ಕಡೆಗೆ ತಿರುಗಿಸಿಟ್ಟಿದ್ದೆ. ಈ ಥರದ ಮೈಕು ಎದುರಿನ ದನಿಯನ್ನು ಜಾಸ್ತಿ ಹಿಡಿಯುತ್ತದೆ, ಬೆನ್ನಿನ ಕಡೆಯದನ್ನು ಕಡಿಮೆ. ತುಂಬಾ ಮೈಕುಗಳಲ್ಲಿ ಎದುರು ಅಂದರೆ ತುದಿ ಅಲ್ಲ, ಹೆಸರು ಬರೆದಿರುವ ಪಕ್ಕ. ಎರಡನೇ ಸಲ ಹಾಡಿಸಿದಾಗ ಅತ್ತೆಗೆ ಎರಡು ಪದ ನೆನಪಿಗೆ ಬರಲೇ ಇಲ್ಲ. ಆ ಎರಡು ಪದ ನನ್ನ ಹತ್ತಿರ ಮಗ್ಗದ ಹಿಂದೆ ಮಸುಕಾಗಿ ಉಳಿದಿವೆ. ಅದಕ್ಕೇ ಹೇಳ್ತೀನಿ, ಮೊದಲು ಒಂದು ನಿಮಿಷ ಹಾಡಿಸು, ಹೆಡ್‌ಫೋನ್ ಹಾಕಿ ಕೇಳು. ಮೈಕಿನ ಮೈಮೇಲೆ ಉಗುರಿನಿಂದ ಮೆಲ್ಲಗೆ ತಟ್ಟು. ಟಕ್ ಅಂತ ಹತ್ತಿರದಿಂದ ಕೇಳದಿದ್ದರೆ ಲ್ಯಾಪ್‌ಟಾಪ್ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡ್ತಿದೆ ಅಂತ ಅರ್ಥ. ಸೆಟ್ಟಿಂಗ್‌ನಲ್ಲಿ ಬದಲಿಸು. ಮೈಕಿಗೆ ಉಫ್ ಅಂತ ಊದಿ ಮಾತ್ರ ನೋಡಬೇಡ, ಆ ತೆಳು ಹಾಳೆಗೆ ಅದು ಒಳ್ಳೇದಲ್ಲ.

ಪವರ್‌ಲೂಮ್‌ಗೆ ಯಾವ ಮೈಕೂ ಮದ್ದಲ್ಲ. ಆದರೆ ಕರೆಂಟ್ ಹೋದಾಗ ಮಗ್ಗವೂ ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಯುಎಸ್‌ಬಿ ಮೈಕೂ ಅದರ ಜೊತೆಗೇ. ಬ್ಯಾಟರಿ ತುಂಬಿಸಿಟ್ಟುಕೋ, ಕರೆಂಟ್ ಹೋದ ತಕ್ಷಣ ಅವ್ವನನ್ನು ಕರಿ. ಬ್ಯಾಟರಿ ಹಳೆಯದಾಗಿದ್ದರೆ ಮಗ್ಗ ಶುರುವಾಗುವ ಮೊದಲು ಬೆಳಗಿನ ಜಾವ ಕೂರು. ಹೇಗೂ ಬೀಸುವ ಹೊತ್ತು ಅದೇ ಅಲ್ವಾ? ಅವ್ವನ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ನೇತುಹಾಕು. ಬರಿ ಗೋಡೆಗೆ ಬಡಿದು ವಾಪಸ್ ಬರುವ ದನಿಯನ್ನು ಅವು ಕುಡಿದುಬಿಡುತ್ತವೆ.

ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಜೋರಾಗಿ ಹಾಡಿದಾಗಲೂ ಮೀಟರು ಮೈನಸ್ 6 ದಾಟದ ಹಾಗೆ ಇಟ್ಟುಕೋ. ಎಂಪಿ3 ಬೇಡ, ವೇವ್ ಫೈಲ್ ಆಗಿ ಉಳಿಸಿ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಡು. ಪ್ರತಿ ಪದದ ಮೊದಲು ಅವ್ವನ ಬಾಯಿಂದಲೇ ಹೇಳಿಸು: ಇದನ್ನು ಯಾರು ಕಲಿಸಿದರು, ಯಾವಾಗ ಹಾಡ್ತಿದ್ದರು ಅಂತ.

ಪ್ರಶ್ನೆ: ನಮ್ಮದು ಮುಧೋಳದ ಒಂದು ಭಜನಾ ಮಂಡಳಿ. ಗುಡಿಯಲ್ಲಿ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕು ಇದೆ. ರೆಕಾರ್ಡಿಂಗ್‌ಗೆ ಕಂಡೆನ್ಸರ್ ಬೇಕೇ?

ಉತ್ತರ: ಒಬ್ಬರೇ ಹಾಡೋದಾದರೆ ಬೇಡ. ನಿಮ್ಮ ಮೈಕನ್ನೇ ಒಂದು ಇಂಟರ್‌ಫೇಸಿಗೆ ಜೋಡಿಸಿ, ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದು ಹಾಡಿ. ಹಾರ್ಮೋನಿಯಂ, ತಬಲಾ, ತಾಳ, ಹಿಮ್ಮೇಳ ಎಲ್ಲಾ ಒಂದೇ ಮೈಕಿನಲ್ಲಿ ಬರಬೇಕು ಅಂದರೆ ಕಂಡೆನ್ಸರ್ ಒಳ್ಳೇದು. ಅದನ್ನು ಮೂರು ನಾಲ್ಕು ಅಡಿ ದೂರ ಇಟ್ಟು, ಎಲ್ಲರೂ ಅದರ ಎದುರಿಗೆ ಅರ್ಧ ಚಂದ್ರದ ಹಾಗೆ ಕೂತ್ಕೊಳ್ಳಿ. ತಾಳ ಬಾರಿಸುವವರನ್ನು ಎಲ್ಲರಿಗಿಂತ ಹಿಂದೆ ಕೂರಿಸಿ.